ಗಾಡಿ ಕೈಕೊಟ್ಟರೂ ಮನೆ ಮುಟ್ಟಬೇಕು: ಜೇಬು, ಬ್ಯಾಗು, ಡಿಕ್ಕಿಯ ಲೆಕ್ಕಾಚಾರ

ಬೆಂಗಳೂರಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ 350 ಕಿಲೋಮೀಟರ್. ಬೇಸಿಗೆಯಲ್ಲಿ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಸಂಜೆ ಕಾಫಿಯ ಹೊತ್ತಿಗೆ ಊರು. ಜುಲೈ ತಿಂಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸಕಲೇಶಪುರ ದಾಟಿದ ಮೇಲೆ ದೊಡ್ಡತಪ್ಪಲೆಯ ಹತ್ತಿರ ಗುಡ್ಡ ಜಾರಿದರೆ ಶಿರಾಡಿ ಬಂದ್. 2024ರ ಜುಲೈಯಲ್ಲಿ ಹಾಗೇ ಆಯಿತು. ಚಾರ್ಮಾಡಿಯಲ್ಲಿ ಇಳಿಯೋಣವೆಂದರೆ, 2019ರ ಆಗಸ್ಟ್ ಮಳೆಗೆ ಕುಸಿದ ಆ ಘಾಟಿ ತಿಂಗಳುಗಟ್ಟಲೆ ಸರಿಯಾಗಿ ತೆರೆದಿರಲಿಲ್ಲ. ಅದರ ಹಿಂದಿನ ವರ್ಷ ಮಡಿಕೇರಿ–ಸಂಪಾಜೆ ದಾರಿಯ ಕಥೆಯೂ ಅದೇ. ಏಳೆಂಟು ಗಂಟೆಯ ಪ್ರಯಾಣ ರಾತ್ರಿಯಿಡೀ ಕಾರಿನೊಳಗೆ ಕೂರುವ ಕೆಲಸವಾಗಲು ಒಂದು ಮರ ಅಡ್ಡ ಬಿದ್ದರೂ ಸಾಕು.

ಇಂಥ ಹೊತ್ತಿಗೆಂದು ಏನೇನು ಇಟ್ಟುಕೊಳ್ಳಬೇಕು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಮುಕ್ಕಾಲುಪಾಲು ಅಮೆರಿಕದವು. ಹಿಮ ತೆಗೆಯುವ ಸಲಿಕೆ, ಟೈಟೇನಿಯಂ ಪೆನ್ನು, ಪ್ಯಾರಾಶೂಟ್ ಹಗ್ಗದ ಕೈಬಳೆ, ಸೊಂಟಕ್ಕೆ ಸಿಕ್ಕಿಸುವ ಮಡಚು ಚಾಕು. ಸಲಿಕೆ ಅಲ್ಲಿನವರಿಗೆ ನಿಜಕ್ಕೂ ಬೇಕು. ಡೆಟ್ರಾಯಿಟ್ಟಿನಲ್ಲೋ ಟೊರಾಂಟೊದಲ್ಲೋ ಇರುವ ನಮ್ಮವರಿಗೆ ಚಳಿಗಾಲದಲ್ಲಿ ಕಂಬಳಿ, ಸಲಿಕೆ ಇಲ್ಲದ ಕಾರು ಕಾರೇ ಅಲ್ಲ. ಆದರೆ ಚನ್ನರಾಯಪಟ್ಟಣದ ಬೈಪಾಸಿನಲ್ಲಿ ನಿಂತವನಿಗೆ ಪ್ಯಾರಾಶೂಟ್ ಹಗ್ಗದಿಂದ ಆಗುವುದೇನೂ ಇಲ್ಲ. ಅವನಿಗೆ ಬೇಕಾದ್ದು ಗಾಳಿ ಇರುವ ಸ್ಟೆಪ್ನಿ.

ನಮ್ಮಲ್ಲಿ ಈ ವಿದ್ಯೆ ಚೆನ್ನಾಗಿ ಬಲ್ಲವರು ಲಾರಿಯವರು. ಘಾಟಿ ಹತ್ತುವ ಲಾರಿಯ ಪಕ್ಕದ ಟೂಲ್ ಬಾಕ್ಸ್ ತೆಗೆಸಿ ನೋಡಿ. ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು, ಜಾಕ್ ಕೆಳಗಿಡುವ ಹಲಗೆ, ಗೇಣು ಗೇಣು ಉದ್ದಕ್ಕೆ ಸೀಳಿದ ಹಳೇ ಟ್ಯೂಬಿನ ಪಟ್ಟಿಗಳು, ಹಗ್ಗ, ಟಾರ್ಚು, ನೀರಿನ ಕ್ಯಾನು, ಒಂದು ಸ್ಟವ್ವು, ಒಂದು ಪಾತ್ರೆ. ಟ್ಯೂಬಿನ ಪಟ್ಟಿ ಒಂದರಿಂದಲೇ ಅವರು ಒಡೆದ ಹೋಸ್ ಪೈಪು ಬಿಗಿಯುತ್ತಾರೆ, ಜೋತಾಡುವ ಸೈಲೆನ್ಸರ್ ಎತ್ತಿ ಕಟ್ಟುತ್ತಾರೆ, ಹಾರುವ ಟಾರ್ಪಾಲು ಬಂದೋಬಸ್ತು ಮಾಡುತ್ತಾರೆ. ಅಂಗಡಿಯಲ್ಲಿ ಕೊಂಡ ಕಿಟ್ ಅಲ್ಲ ಅದು. ಈ ದಾರಿಯಲ್ಲಿ ಯಾವುದು ಕೆಡುತ್ತದೆ ಎಂದು ಗೊತ್ತಿರುವವರು ಕೂಡಿಸಿದ್ದು. ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ನಾನು ಓಡಾಡುವ ದಾರಿಯಲ್ಲಿ ಕೆಡುವುದು ಯಾವುದು? ಕೆಟ್ಟಾಗ ಸಾಮಾನು ನನ್ನ ಕೈಗೆ ಸಿಗುವ ಜಾಗದಲ್ಲಿ ಇದೆಯೇ? ಎರಡನೆಯದನ್ನು ಬಹಳಷ್ಟು ಜನ ಕೇಳಿಕೊಳ್ಳುವುದೇ ಇಲ್ಲ.

ಜೇಬಿನಲ್ಲಿ

ಗಾಡಿ, ಬ್ಯಾಗು ಎರಡೂ ಕೈತಪ್ಪಿದರೂ ಮೈಮೇಲೆ ಉಳಿಯುವುದು ಜೇಬಿನಲ್ಲಿರುವುದು ಮಾತ್ರ. ಅದರಲ್ಲಿ ಮುಖ್ಯವಾದದ್ದು ಫೋನು. ಈಗ ದಾರಿ ತೋರಿಸುವುದು, ದುಡ್ಡು ಕೊಡುವುದು, ಟಾರ್ಚು, ಲೈಸೆನ್ಸು, ಮನೆಯವರ ನಂಬರು ಎಲ್ಲ ಅದರೊಳಗೇ. ಅದು ಸತ್ತರೆ ಒಟ್ಟಿಗೆ ಐದು ಸಾಮಾನು ಕಳೆದುಹೋದಂತೆ. ಹಾಗಾಗಿ ಅದರಲ್ಲಿರುವುದರಲ್ಲಿ ಕೆಲವನ್ನಾದರೂ ಹೊರಗೆ ತಂದಿಟ್ಟುಕೊಳ್ಳಬೇಕು. ಪರ್ಸಿನಲ್ಲಿ ಒಂದು ಚೀಟಿ, ಅದರಲ್ಲಿ ಮೂರು ನಾಲ್ಕು ಫೋನ್ ನಂಬರು, ರಕ್ತದ ಗುಂಪು, ಯಾವುದಾದರೂ ಔಷಧಿಗೆ ಅಲರ್ಜಿ ಇದ್ದರೆ ಅದರ ಹೆಸರು. ಇವತ್ತು ಹೆಂಡತಿಯ ನಂಬರು ಬಾಯಿಪಾಠ ಇರುವ ಗಂಡಂದಿರು ಎಷ್ಟು ಜನ? ಜೊತೆಗೆ ನೂರು, ಐವತ್ತು, ಇಪ್ಪತ್ತರ ನೋಟುಗಳಲ್ಲಿ ಒಂದು ಸಾವಿರ ರೂಪಾಯಿ. ನೆಟ್‌ವರ್ಕ್ ಹೋದ ಊರಿನಲ್ಲಿ ಕ್ಯೂಆರ್ ಕೋಡು ಗೋಡೆಗಂಟಿಸಿದ ಚಿತ್ರ ಅಷ್ಟೇ. ಐನೂರರ ನೋಟಿಗೆ ಚಿಲ್ಲರೆಯೂ ಸಿಗುವುದಿಲ್ಲ.

ಫೋನಿನ ಬಗ್ಗೆ ಎಲ್ಲರಿಗೂ ಗೊತ್ತಿರದ ಕೆಲವು ಸಂಗತಿಗಳಿವೆ. ಘಾಟಿಯಲ್ಲಿ ಸಿಗ್ನಲ್ ಹೋದಾಗ ಫೋನು ಸುಮ್ಮನೆ ಕೂರುವುದಿಲ್ಲ. ಟವರ್ ಎಲ್ಲಿ, ಟವರ್ ಎಲ್ಲಿ ಎಂದು ಪೂರ್ತಿ ಶಕ್ತಿ ಹಾಕಿ ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಕರಗುವುದು ಅಲ್ಲೇ. ಏರೋಪ್ಲೇನ್ ಮೋಡ್‌ಗೆ ಹಾಕಿಟ್ಟು ಅರ್ಧ ಗಂಟೆಗೊಮ್ಮೆ ತೆರೆದು ನೋಡಿದರೆ ರಾತ್ರಿಯಿಡೀ ಬರುತ್ತದೆ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಡ, ಅದು ನೇರ ಉಪಗ್ರಹದಿಂದ ಬರುವಂಥದ್ದು. ಸಿಗ್ನಲ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಲು. ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡದ ನಕ್ಷೆಯನ್ನು ಮನೆಯ ವೈಫೈನಲ್ಲೇ ಆಫ್‌ಲೈನ್ ಇಳಿಸಿಟ್ಟುಕೊಂಡರೆ ಕಾಡಿನ ನಡುವೆಯೂ ನೀಲಿ ಚುಕ್ಕೆ ನೀವಿರುವ ಜಾಗ ತೋರಿಸುತ್ತದೆ. ಕರೆ ಹೋಗದಷ್ಟು ಕ್ಷೀಣ ಸಿಗ್ನಲ್ಲಿನಲ್ಲೂ ಎಸ್ಎಂಎಸ್ ಕೆಲವೊಮ್ಮೆ ಹೋಗುತ್ತದೆ. ವಾಟ್ಸ್ಯಾಪ್ ನೆಚ್ಚಿಕೊಂಡು ಕೂರಬೇಡಿ.

ತುರ್ತು ಕರೆಗೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ನಂಬರು. ನಿಮ್ಮ ಕಂಪನಿಯ ಟವರ್ ಸಿಗದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ ಅದರ ಮೂಲಕವೇ ಕರೆ ಹೋಗುತ್ತದೆ, ಆದ್ದರಿಂದ ಸಿಗ್ನಲ್ ಕಡ್ಡಿ ಸೊನ್ನೆ ಕಂಡರೂ ಒಮ್ಮೆ ಒತ್ತಿ ನೋಡಿ. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಬೇಗಬೇಗ ಮೂರು ಸಲ ಒತ್ತಿದರೆ, ಬಟನ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ಇದೇ ಸೇವೆಗೆ ಹೋಗುವಂತೆ ವ್ಯವಸ್ಥೆ ಇದೆ. ಕೆಲವು ಫೋನುಗಳಲ್ಲಿ ಒತ್ತುವ ಲೆಕ್ಕ ಬೇರೆ, ನಿಮ್ಮದರ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಆಂಬುಲೆನ್ಸಿಗೆ ನೇರವಾಗಿ 108. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033. ಇದನ್ನು ಬಳಸುವವರು ಕಡಿಮೆ, ಆದರೆ ಟೋಲ್ ರಸ್ತೆಯಲ್ಲಿ ಗಸ್ತು ವಾಹನ, ಕ್ರೇನು ಬರಬೇಕಾದ್ದು ಈ ನಂಬರಿನಿಂದಲೇ.

ಚಾಕು ಬೇಡ ಎನ್ನುತ್ತೇನೆ. ಮೆಟ್ರೋ ಗೇಟಿನಲ್ಲಿ, ಮಾಲ್‌ನಲ್ಲಿ, ವಿಮಾನ ನಿಲ್ದಾಣದಲ್ಲಿ ದಿನಾ ವಿವರಣೆ ಕೊಡುತ್ತಾ ಹೋಗುವ ಸಾಮಾನು ಯಾರೂ ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಕತ್ತರಿಸುವುದಕ್ಕೆ ಏನಾದರೂ ಬೇಕಿದ್ದರೆ ಅದು ಗಾಡಿಯಲ್ಲಿರಲಿ.

ಆಫೀಸಿನ ಬ್ಯಾಗಿನಲ್ಲಿ

ಘಾಟಿಗೇ ಹೋಗಬೇಕೆಂದಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೆಲ್ಲ ನೋಡಿತು. ಅಂಥ ಸಂಜೆ ಕ್ಯಾಬ್ ಬರುವುದಿಲ್ಲ, ಬಸ್ಸು ನಿಂತಲ್ಲೇ ನಿಂತಿರುತ್ತದೆ, ಆಟೋದವರು ಕೇಳುವ ರೇಟು ನಿಮಗೇ ಗೊತ್ತು. ಕಡೆಗೆ ಉಳಿಯುವುದು ನಡಿಗೆ. ಬೆಳ್ಳಂದೂರಿನಿಂದ ಜಯನಗರಕ್ಕೆ ಹದಿನೈದು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೂ ನಾಲ್ಕು ಗಂಟೆ, ನೀರು ನಿಂತ ರಸ್ತೆಯಲ್ಲಿ ಇನ್ನೂ ಹೆಚ್ಚು.

ಹಾಗಾಗಿ ಮಳೆಗಾಲದ ನಾಲ್ಕು ತಿಂಗಳು ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಹಳೇ ಬೂಟು, ಎರಡು ಜೊತೆ ಕಾಲುಚೀಲ ಇರಬೇಕು. ಚಪ್ಪಲಿ ಬೇಡ. ಕೆಸರು ನೀರಿನಡಿ ಒಡೆದ ಸ್ಲ್ಯಾಬು, ಕಬ್ಬಿಣದ ಸರಳು, ಮುಚ್ಚಳ ಹೋದ ಮ್ಯಾನ್‌ಹೋಲು ಯಾವುದೂ ಕಾಣುವುದಿಲ್ಲ. ಉದ್ದ ಹಿಡಿಯ ಕೊಡೆ ಇದ್ದರೆ ಮುಂದಿನ ಹೆಜ್ಜೆಗೆ ಮೊದಲು ಅದರಲ್ಲಿ ತಡವಿ ನೋಡಬಹುದು. ಮೂರು ಮಡಿಕೆಯ ಫ್ಯಾಷನ್ ಕೊಡೆಗೆ ಆ ಯೋಗ್ಯತೆ ಇಲ್ಲ. ನೀರು ನಿಂತ ಕಡೆ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಕಂಡರೆ ರಸ್ತೆಯ ಆ ಬದಿಗೇ ಹೋಗಬೇಡಿ.

ಪವರ್ ಬ್ಯಾಂಕ್ ಕೊಳ್ಳುವಾಗ ಒಂದು ಲೆಕ್ಕ. ಪೆಟ್ಟಿಗೆಯ ಮೇಲೆ 10,000 ಎಂಎಎಚ್ ಎಂದಿದ್ದರೆ ಅದು ಒಳಗಿನ ಸೆಲ್ಲಿನ ಸಾಮರ್ಥ್ಯ, 3.7 ವೋಲ್ಟಿನ ಲೆಕ್ಕ. ಫೋನಿಗೆ ಕೊಡುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕು, ಸ್ವಲ್ಪ ಬಿಸಿಯಾಗಿ ವ್ಯರ್ಥವೂ ಆಗುತ್ತದೆ. ಕೈಗೆ ಸಿಗುವುದು 6,000ದ ಆಸುಪಾಸು, ಅಂದರೆ ಈಗಿನ ಫೋನಿಗೆ ಒಂದು ಸಲ ಪೂರ್ತಿ, ಮೇಲಷ್ಟು. ದಿನನಿತ್ಯದ ಬ್ಯಾಗಿಗೆ ಇದು ಸಾಕು. 20,000ದ್ದು ಇಟ್ಟಿಗೆ ಹೊತ್ತಂತೆ, ಎರಡನೇ ವಾರದಿಂದ ಮನೆಯಲ್ಲೇ ಉಳಿಯುತ್ತದೆ. ಯಾವುದೇ ಆಗಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬಾರದು. ಹೊರಗೆ 35 ಡಿಗ್ರಿ ಇದ್ದಾಗ ಮುಚ್ಚಿದ ಕಾರಿನ ಒಳಗೆ ಗಂಟೆಯೊಳಗೆ 50 ದಾಟುತ್ತದೆ, ಲಿಥಿಯಂ ಸೆಲ್ಲುಗಳಿಗೆ ಅದು ಆಗಿಬರುವುದಿಲ್ಲ.

ನೀರು: ಸಾಮಾನಿಗಿಂತ ತಿಳಿವಳಿಕೆ ಮೊದಲು

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ಕಾಡಲ್ಲ, ಘಾಟಿಯಲ್ಲ, ವಿಧಾನಸೌಧದಿಂದ ಕೂಗಳತೆಯ ಜಾಗ.

ಅಂಡರ್‌ಪಾಸಿನ ನೀರಿನ ಆಳ ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ರಸ್ತೆ ಇಳಿಯುತ್ತಾ ಹೋಗುತ್ತದೆ, ನೀರಿನ ಮೇಲ್ಮೈ ಮಾತ್ರ ಸಮತಟ್ಟಾಗಿ ಕಾಣುತ್ತದೆ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲಲು ಶುರು, ಎರಡಡಿ ಆದರೆ ದೊಡ್ಡ ಎಸ್‌ಯುವಿಯೂ ಕೊಚ್ಚಿಹೋಗಬಹುದು. ಟನ್ನುಗಟ್ಟಲೆ ತೂಕದ ಗಾಡಿ ಹೇಗೆ ತೇಲುತ್ತದೆ ಎನ್ನುತ್ತೀರಾ? ಒಳಗಿರುವುದು ಬರೀ ಗಾಳಿ. ಬಾಗಿಲು ಮುಚ್ಚಿದ ಕಾರು ಕೆಳಗಿನ ನೀರನ್ನು ಪಕ್ಕಕ್ಕೆ ಸರಿಸುತ್ತಾ ತನ್ನ ತೂಕ ಕಳೆದುಕೊಳ್ಳುತ್ತದೆ. ಟೈರಿಗೆ ರಸ್ತೆಯ ಹಿಡಿತ ತಪ್ಪಿದ ಮೇಲೆ ಸ್ಟೀರಿಂಗು ಕೈಯಲ್ಲಿದ್ದೂ ಇಲ್ಲದಂತೆ.

ಎಂಜಿನ್ನಿನದು ಇನ್ನೊಂದು ಕಥೆ. ಗಾಳಿ ಎಳೆದುಕೊಳ್ಳುವ ಬಾಯಿ ಎಷ್ಟೋ ಕಾರುಗಳಲ್ಲಿ ಮುಂದಿನ ಜಾಲರಿಯ ಹಿಂದೆಯೇ ಇರುತ್ತದೆ. ಅದರ ಮೂಲಕ ನೀರು ಒಳಹೊಕ್ಕರೆ ಪಿಸ್ಟನ್ನು ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲಾರದು. ನೀರು ಕುಗ್ಗುವ ವಸ್ತುವಲ್ಲ. ಆ ಹೊಡೆತಕ್ಕೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು ಎನ್ನುವುದು ಇದಕ್ಕೇ. ಆಫ್ ಆದದ್ದರಿಂದ ಉಳಿದ ಎಂಜಿನ್ನು ಕೀಲಿ ತಿರುಗಿಸಿದಾಗ ಹಾಳಾಗುತ್ತದೆ. ಹೀಗೆ ಸ್ಟಾರ್ಟ್ ಮಾಡಲು ಹೋಗಿ ಆದ ನಷ್ಟವನ್ನು ಸಾಮಾನ್ಯ ವಿಮೆ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇರೆ ತೆಗೆದುಕೊಂಡಿರಬೇಕು. ತಳ್ಳಿ ಹೊರತಂದು ಟೋ ಮಾಡಿಸುವುದು ಅಗ್ಗ.

ಈಗ ಸಾಮಾನಿನ ವಿಷಯ. ಗಾಜು ಒಡೆಯುವ ಉಪಕರಣ, ಸೀಟ್ ಬೆಲ್ಟ್ ಕತ್ತರಿಸುವ ಅಲಗು ಎರಡೂ ಒಂದರಲ್ಲೇ ಇರುವಂಥದ್ದು ಸಿಗುತ್ತದೆ. ಸುತ್ತಿಗೆಯಂಥದ್ದಕ್ಕಿಂತ ಸ್ಪ್ರಿಂಗಿನದು ಮೇಲು, ನೀರಿನೊಳಗೆ ಕೈ ಬೀಸಿ ಹೊಡೆಯಲು ಆಗುವುದಿಲ್ಲ. ಡಿಕ್ಕಿಯಲ್ಲಾಗಲಿ ಗ್ಲವ್ ಬಾಕ್ಸಿನಲ್ಲಾಗಲಿ ಇಟ್ಟರೆ ಅದು ಇದ್ದೂ ಇಲ್ಲ. ಬೆಲ್ಟು ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಎರಡು ಕೈಯಲ್ಲಿ ಯಾವುದರಿಂದಲಾದರೂ ಎಟುಕುವ ಜಾಗದಲ್ಲಿರಬೇಕು. ಹೊಡೆಯುವುದು ಪಕ್ಕದ ಗಾಜಿಗೆ, ಅದೂ ಮೂಲೆಗೆ. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿದ್ದು. ಬಿರುಕು ಬಿಡುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಅಂಥದ್ದೇ ಬರುತ್ತಿದೆ. ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರ ಓದಿದರೆ ಲ್ಯಾಮಿನೇಟೆಡ್ಡೋ (ಪದರದ್ದು) ಟೆಂಪರ್ಡ್ಡೋ (ಪುಡಿಯಾಗುವಂಥದ್ದು) ತಿಳಿಯುತ್ತದೆ. ಇಷ್ಟೆಲ್ಲ ಇದ್ದರೂ ಮೊದಲ ಕೆಲಸ ಗಾಜು ಒಡೆಯುವುದಲ್ಲ. ನೀರು ಬಾಗಿಲಿಗೆ ಬಂದಾಗಲೂ ಪವರ್ ವಿಂಡೋ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ಕಿಟಕಿಯಿಂದಲೇ ಹೊರಬೀಳಿ. ಬಾಗಿಲು ತಳ್ಳುತ್ತಾ ಕೂರಬೇಡಿ, ಹೊರಗಿನ ನೀರಿನ ಒತ್ತಡ ಅದನ್ನು ತೆರೆಯಗೊಡುವುದಿಲ್ಲ.

ಟೈರು ಮತ್ತು ಬ್ಯಾಟರಿ

ರಸ್ತೆಯಲ್ಲಿ ನಿಂತ ಹತ್ತು ಕಾರಿನ ಹತ್ತಿರ ಹೋಗಿ ಕೇಳಿದರೆ ಹೆಚ್ಚಿನವರು ಹೇಳುವುದು ಇವೆರಡರಲ್ಲಿ ಒಂದನ್ನು. ಪಂಕ್ಚರ್ ಆದಾಗ ತೊಂದರೆ ಕೊಡುವುದು ಪಂಕ್ಚರ್ ಅಲ್ಲ, ಅದರ ಸುತ್ತಲಿನ ಸಣ್ಣಪುಟ್ಟ ಸಂಗತಿಗಳು. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ. ಅಲಾಯ್ ವೀಲಿನ ಲಾಕ್ ನಟ್ಟಿಗೆ ಬೇಕಾದ ಕೀಲಿ ಎಲ್ಲಿದೆ ಗೊತ್ತಿಲ್ಲ. ಎಸ್‌ಯುವಿಯ ಹೊಟ್ಟೆಯಡಿ ನೇತಾಡುವ ಸ್ಟೆಪ್ನಿಯ ಬೋಲ್ಟು ತುಕ್ಕು ಹಿಡಿದು ಇಳಿಯುವುದಿಲ್ಲ. ಟೈರ್ ಅಂಗಡಿಯವರು ಗಾಳಿ ಗನ್ನಿನಲ್ಲಿ ಬಿಗಿದ ನಟ್ಟು ಕಂಪನಿ ಕೊಟ್ಟ ಚೋಟುದ್ದದ ಸ್ಪ್ಯಾನರಿಗೆ ಮಿಸುಕುವುದಿಲ್ಲ.

ಕೊನೆಯದಕ್ಕೆ ಮದ್ದು ಸುಲಭ. ಸ್ಪ್ಯಾನರ್ ಹಿಡಿಗೆ ಕೂರುವ ಎರಡಡಿ ಕಬ್ಬಿಣದ ಪೈಪಿನ ತುಂಡು ಇಟ್ಟುಕೊಳ್ಳಿ. ಹಿಡಿ ಉದ್ದವಾದಷ್ಟು ತಿರುಗಿಸುವ ಬಲ ಹೆಚ್ಚು. ಅರವತ್ತರ ಹಿರಿಯರೂ ಬಿಚ್ಚಬಹುದು. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಮೇಲೆತ್ತಿದ ಮೇಲೆ ಬಲ ಹಾಕಿದರೆ ಚಕ್ರವೂ ತಿರುಗುತ್ತದೆ, ಕಾರು ಜಾಕಿನಿಂದ ಜಾರಲೂಬಹುದು. ಮಳೆಗೆ ನೆನೆದ ರಸ್ತೆಬದಿಯ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಲಾರಿಯವರ ಹಲಗೆ ಬೇಕಾಗುವುದು ಇಲ್ಲಿ. ಅಡಿಗೆ ಅಡಿ ಅಳತೆಯ ದಪ್ಪ ಪ್ಲೈವುಡ್ ತುಂಡು ಡಿಕ್ಕಿಯ ತಳದಲ್ಲಿ ಬಿದ್ದಿರಲಿ. ಎತ್ತುವ ಮೊದಲು ಕರ್ಣದ ಎದುರಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಅಡ್ಡ ಕೊಡಬೇಕು.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ದರೆ ಕೂಡಲೇ ಕೀಳಬೇಡಿ. ಅದೇ ಬಿರಡೆಯಂತೆ ಗಾಳಿ ತಡೆದಿರುತ್ತದೆ. 12 ವೋಲ್ಟಿನ ಗಾಳಿ ಪಂಪು ಇದ್ದರೆ 30–33 ಪಿಎಸ್‌ಐ ತುಂಬಿಸಿ ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ನನ್ನ ಪ್ರಕಾರ ಕಾರಿನ ಕಿಟ್‌ಗೆ ಒಂದೇ ಒಂದು ವಸ್ತು ಕೊಳ್ಳುವ ದುಡ್ಡಿದ್ದರೆ ಅದು ಈ ಪಂಪು. ಸ್ಟೆಪ್ನಿ ಸೊರಗಿದ್ದರೆ ಅದಕ್ಕೂ ಬಂತು. ಬದಿಯ ಗೋಡೆ ಹರಿದಿದ್ದರೆ ಮಾತ್ರ ಪಂಪಿನಿಂದ, ತೂತಿಗೆ ತುರುಕುವ ರಬ್ಬರಿನ ಪಂಕ್ಚರ್ ಬತ್ತಿಯಿಂದ ಏನೂ ಆಗದು, ಸ್ಟೆಪ್ನಿಯೇ ಗತಿ. ಸ್ಟೆಪ್ನಿ ಉಳಿದ ಟೈರುಗಳಿಗಿಂತ ಸಣ್ಣದಿದ್ದರೆ ಗಂಟೆಗೆ 80 ಕಿಲೋಮೀಟರ್ ಮೀರಬಾರದು, ಆ ಅಂಕಿ ಅದರ ಮೇಲೇ ಬರೆದಿರುತ್ತದೆ. ಟೈರಿನ ವಯಸ್ಸೂ ಅದರ ಮೇಲೇ ಇದೆ. ಬದಿಯಲ್ಲಿ ನಾಲ್ಕು ಅಂಕಿ, ಉದಾಹರಣೆಗೆ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಒಮ್ಮೆಯೂ ಬಳಸದ ಸ್ಟೆಪ್ನಿ ಹೊಸದಾಗಿ ಕಾಣುತ್ತದೆ, ರಬ್ಬರು ಮಾತ್ರ ಕೂತಲ್ಲೇ ಮುದಿಯಾಗಿರುತ್ತದೆ.

ಬ್ಯಾಟರಿ ಮಳೆಗಾಲದಲ್ಲಿ ಕೈಕೊಡುವುದಕ್ಕೆ ಕಾರಣ ಇದೆ. ಲೈಟು, ವೈಪರು, ಗಾಜಿನ ಮಂಜು ತೆಗೆಯುವ ಫ್ಯಾನು ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನ ತಿರುಗುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಅಷ್ಟು ಕರೆಂಟು ಕೊಡುವುದಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಅಳೆದರೆ ಆರೋಗ್ಯವಂತ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗೆ ಬಂದರೆ ಖಾಲಿ ಎಂದೇ ಅರ್ಥ. ಜಂಪರ್ ಕೇಬಲ್ ಇದ್ದರೆ ಇನ್ನೊಂದು ಕಾರಿನಿಂದ ಜೀವ ಕೊಡಬಹುದು. ಕ್ರಮ ಮುಖ್ಯ: ಸತ್ತ ಬ್ಯಾಟರಿಯ ಪ್ಲಸ್‌ಗೆ ಕೆಂಪು, ಬದುಕಿದ ಬ್ಯಾಟರಿಯ ಪ್ಲಸ್‌ಗೆ ಕೆಂಪಿನ ಇನ್ನೊಂದು ತುದಿ, ಅದರ ಮೈನಸ್‌ಗೆ ಕಪ್ಪು, ಕಡೆಯ ಕಪ್ಪು ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಡೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತಿರುತ್ತದೆ. ಎರಡನ್ನೂ ದೂರ ಇಡುವುದಕ್ಕೆ ಈ ಏರ್ಪಾಡು. ಸಿಗ್ನಲ್ಲಿನಲ್ಲಿ ಮಾರುವ ಕೇಬಲ್ ನೋಡಲು ದಪ್ಪ, ಒಳಗಿನ ತಂತಿ ಕೂದಲೆಳೆ. ಸ್ಟಾರ್ಟರ್ ಎಳೆಯುವ ಕರೆಂಟಿಗೆ ಅದು ಬಿಸಿಯಾಗಿ ಸುಮ್ಮನಾಗುತ್ತದೆ. ಆಟೊಮ್ಯಾಟಿಕ್ ಕಾರಿಟ್ಟವರು ತಳ್ಳಿ ಸ್ಟಾರ್ಟ್ ಮಾಡುವ ಆಸೆ ಬಿಡಬೇಕು. ಎಲೆಕ್ಟ್ರಿಕ್ ಕಾರಿನವರೂ ನಗುವಂತಿಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಒಳಗಿನ ಪುಟ್ಟ 12 ವೋಲ್ಟಿನದು ಸತ್ತರೆ ಬಾಗಿಲೂ ತೆರೆಯದೆ ಸತಾಯಿಸುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ರಿಮೋಟಿನ ಸೆಲ್ ಮುಗಿದರೆ ಗಾಬರಿ ಬೇಡ. ಅದರ ಹೊಟ್ಟೆಯೊಳಗೆ ಲೋಹದ ಕೀಲಿ ಅಡಗಿರುತ್ತದೆ, ಬಾಗಿಲು ಅದರಲ್ಲಿ ತೆಗೆಯಿರಿ. ರಿಮೋಟನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಒತ್ತಿದರೆ ಬಹುಪಾಲು ಕಾರುಗಳು ಹೊರಡುತ್ತವೆ.

ನಿಂತ ಮೇಲೆ

ಕೆಟ್ಟ ಲಾರಿಯ ಹಿಂದೆ ಸೊಪ್ಪಿನ ಕೊಂಬೆ ಹಾಕಿ, ನಾಲ್ಕು ಕಲ್ಲು ಸಾಲಾಗಿ ಇಡುವುದು ನಮ್ಮ ರಸ್ತೆಗಳ ಹಳೇ ಪದ್ಧತಿ. ಸೊಪ್ಪು ಒಳ್ಳೆಯದೇ. ಕಲ್ಲು ಕೆಟ್ಟದ್ದು, ಯಾಕೆಂದರೆ ಲಾರಿ ರಿಪೇರಿಯಾಗಿ ಹೊರಟುಹೋದರೂ ಕಲ್ಲು ಅಲ್ಲೇ ಉಳಿದಿರುತ್ತದೆ, ರಾತ್ರಿ ಬೈಕಿನವನು ಅದರ ಮೇಲೆ ಹಾಯುತ್ತಾನೆ. ಹೊಸ ಕಾರಿನ ಜೊತೆಗೇ ಬರುವ ಕೆಂಪು ತ್ರಿಕೋನವನ್ನು ಎಷ್ಟೋ ಜನ ಕವರಿನಿಂದ ತೆಗೆದೂ ಇರುವುದಿಲ್ಲ. ಅದನ್ನು ಕಾರಿನ ಹಿಂದೆ ನಾಲ್ಕು ಹೆಜ್ಜೆಯಲ್ಲಿಟ್ಟರೆ ಉಪಯೋಗವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಒದ್ದೆ ರಸ್ತೆಯಲ್ಲಿ ಚಾಲಕ ನೋಡಿ, ಬ್ರೇಕು ಒತ್ತಿ, ನಿಲ್ಲುವಷ್ಟರಲ್ಲಿ ಎಂಬತ್ತು ತೊಂಬತ್ತು ಮೀಟರ್ ಹೋಗಿರುತ್ತದೆ. ಹೆದ್ದಾರಿಯಲ್ಲಿ ನೂರು ಮೀಟರ್ ಹಿಂದೆ ಇಡಿ. ಘಾಟಿಯಲ್ಲಾದರೆ ಮೀಟರ್ ಲೆಕ್ಕ ಬಿಟ್ಟು ತಿರುವಿನ ಆಚೆಗೆ ಇಡಿ, ತಿರುವು ದಾಟಿದ ಮೇಲೆ ಕಂಡರೆ ತಡವಾಯಿತು. ಇಡಲು ನಡೆದುಹೋಗುವಾಗ ಹೊಳೆಯುವ ಜಾಕೆಟ್ ಮೈಮೇಲಿರಲಿ. ಅದು ಡಿಕ್ಕಿಯಲ್ಲಲ್ಲ, ಸೀಟಿನ ಹಿಂದಿನ ಚೀಲದಲ್ಲಿರಬೇಕು.

ಎಲ್ಲಿ ನಿಲ್ಲುತ್ತೀರಿ ಎನ್ನುವುದು ಕಿಟ್‌ಗಿಂತ ದೊಡ್ಡ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ಜೀವ ಕಳೆದುಕೊಂಡವರಲ್ಲಿ ರಸ್ತೆಬದಿಯ ಚಹಾ ಅಂಗಡಿಯಲ್ಲಿದ್ದವರು, ಅಲ್ಲಿ ವಾಹನ ನಿಲ್ಲಿಸಿದ್ದವರು ಇದ್ದರು. ಕೊಚ್ಚಿಹೋದ ಲಾರಿಯೊಂದು ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ರಸ್ತೆ ಅಗಲ ಮಾಡಲು ನೇರಕ್ಕೆ ಕಡಿದ ಧರೆ, ಅದರಿಂದ ಕೆಂಪು ನೀರು ಒಸರುತ್ತಿರುವುದು, ಮರಗಳು ವಾಲಿರುವುದು, ಸಣ್ಣ ಕಲ್ಲು ಉರುಳುತ್ತಿರುವುದು ಕಂಡರೆ ಪಂಕ್ಚರ್ ಆಗಿದ್ದರೂ ಸರಿ, ರಿಮ್ ಹಾಳಾದರೂ ಸರಿ, ಇನ್ನೂರು ಮೀಟರ್ ಮುಂದೆ ಎಳೆದು ನಿಲ್ಲಿಸಿ. ಹೊಳೆಯ ಬದಿಯ ಅಂಚೂ ಕುಸಿಯಬಹುದು, ಅದಕ್ಕೂ ಒರಗಬೇಡಿ.

ರಾತ್ರಿ ಕಾರಿನಲ್ಲೇ ಕಳೆಯುವ ಪ್ರಸಂಗ ಬಂದರೆ ಎಸಿ ಹಾಕಿ ಗಾಜು ಮುಚ್ಚಿ ಮಲಗುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ನಿಂತ ಗಾಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೈಲೆನ್ಸರ್ ಬಾಯಿ ಕೆಸರಿಗೋ ಧರೆಗೋ ಒತ್ತಿಕೊಂಡಿದ್ದರೆ, ಪೈಪಿನಲ್ಲಿ ತೂತಿದ್ದರೆ ಅದು ಒಳಗೆ ತುಂಬುತ್ತದೆ; ನಿದ್ದೆ ಹತ್ತಿದವರಿಗೆ ಏಳುವ ಅವಕಾಶವೇ ಸಿಗುವುದಿಲ್ಲ. ಎಂಜಿನ್ ಆಫ್ ಮಾಡಿ, ಗಾಜು ಎರಡು ಬೆರಳು ಇಳಿಸಿ, ಒಂದು ಕಂಬಳಿ ಹೊದೆಯಿರಿ. ಮಲೆನಾಡಿನ ಮಳೆಗೆ ಒದ್ದೆ ಬಟ್ಟೆಯಲ್ಲಿ ಚಳಿ ಹಿಡಿಯಲು ಹಿಮ ಬೀಳಬೇಕಿಲ್ಲ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರು, ಶೇಂಗಾ ಚಿಕ್ಕಿ, ಹುರಿಗಡಲೆ, ಅವಲಕ್ಕಿ ಬೆಲ್ಲ. ಬಿಸ್ಕತ್ತು ಮೆತ್ತಗಾಗುತ್ತದೆ, ಚಾಕಲೇಟು ಬಿಸಿಲಿಗೆ ಕರಗುತ್ತದೆ, ಚಿಕ್ಕಿ ಎರಡೂ ಕಾಲಕ್ಕೆ ಬಾಳುತ್ತದೆ. ಟಾರ್ಚು ತಲೆಗೆ ಕಟ್ಟುವಂಥದ್ದಿದ್ದರೆ ಎರಡೂ ಕೈ ಖಾಲಿ ಇರುತ್ತದೆ, ಕತ್ತಲಲ್ಲಿ ಟೈರು ಬದಲಿಸುವವನಿಗೆ ಇದರ ಬೆಲೆ ಗೊತ್ತು. ಸೆಲ್ಲು ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ತಿನ್ನುತ್ತದೆ, ಹೊರಗೆ ತೆಗೆದು ಜೊತೆಗೇ ಕಟ್ಟಿಡಿ.

ಗಾಯ, ಹಾವು, ಉಂಬಳ

ಕಂಪನಿ ಕೊಟ್ಟ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಬೆರಳು ಕುಯ್ದುಕೊಂಡವರಿಗೆ ಸಾಕಾಗುವಷ್ಟು. ಅಪಘಾತದಲ್ಲಿ ಜೀವ ತೆಗೆಯುವುದು ರಕ್ತ ಹರಿಯುವುದು. ನಾಲ್ಕಾರು ದೊಡ್ಡ ಗಾಜ್ ಪ್ಯಾಡು, ಎರಡು ಕ್ರೇಪ್ ಬ್ಯಾಂಡೇಜು, ಒಂದು ಜೊತೆ ಕೈಗವಸು ಸೇರಿಸಿ. ರಕ್ತ ಬರುವ ಜಾಗಕ್ಕೆ ಪ್ಯಾಡ್ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು, ನಿಂತಿತೇ ಎಂದು ಎತ್ತಿ ಎತ್ತಿ ನೋಡಬಾರದು. ನೆನೆದರೆ ಮೇಲೆ ಇನ್ನೊಂದು ಇಟ್ಟು ಒತ್ತಿ. ಓಆರ್‌ಎಸ್ ಪೊಟ್ಟಣ ನಾಲ್ಕು. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೀಟರ್ ನೀರಿಗೆ ಕಲಸಬೇಕು, ಲೋಟಕ್ಕೆ ಸುರಿದು ಗಟ್ಟಿಯಾಗಿ ಕುಡಿಸಿದರೆ ಮಕ್ಕಳಿಗೆ ಹಾನಿ. ಬಿಪಿ, ಶುಗರ್ ಇರುವವರು ಎರಡು ದಿನದ ಮಾತ್ರೆ ಬ್ಯಾಗಿನಲ್ಲಿಟ್ಟುಕೊಳ್ಳಲಿ, ಕಾರಿನಲ್ಲಿ ಬೇಡ, ಬಿಸಿಗೆ ಕೆಡುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು, ಉಂಗುರ ಬಳೆ ತೆಗೆದು, ಆಂಟಿವೆನಂ ಇರುವ ಆಸ್ಪತ್ರೆಗೆ. ಉಂಬಳ ಹತ್ತಿದ್ದಕ್ಕೆ ಯಾರೂ ಸಾಯುವುದಿಲ್ಲ, ಉಪ್ಪಿನ ಪೊಟ್ಟಣ ಒಂದಿದ್ದರೆ ಮುಗಿಯಿತು.

ಬೇರೆಯವರ ಅಪಘಾತದಲ್ಲಿ ನಿಲ್ಲಲು ಹೆದರುವವರಿಗೆ ಒಂದು ಮಾತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದ ಮೇಲೆ, ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. ಕರ್ನಾಟಕ ಅದಕ್ಕೂ ಮೊದಲೇ ತನ್ನದೇ ಕಾಯ್ದೆ ಮಾಡಿತ್ತು. ನಿಮ್ಮ ಪ್ಯಾಡು, ಕೈಗವಸು ಇನ್ನೊಬ್ಬರಿಗೆ ಉಪಯೋಗವಾಗುವ ಸಂಭವವೇ ಹೆಚ್ಚು.

ಬೈಕಿನವರಿಗೆ

ಡಿಕ್ಕಿ ಇಲ್ಲ, ಹಾಗಾಗಿ ಆಯ್ಕೆ ಸುಲಭ. ಸೀಟಿನಡಿ ಟ್ಯೂಬ್‌ಲೆಸ್ ಪಂಕ್ಚರ್ ಬತ್ತಿ, ಅಂಗೈಯಗಲದ ಪಂಪು, ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ, ಟ್ಯೂಬಿನ ಪಟ್ಟಿ. ಮಳೆಕೋಟು ಪ್ಯಾಂಟು ಬೇರೆ ಅಂಗಿ ಬೇರೆ ಇರುವಂಥದ್ದೇ ಆಗಬೇಕು. ತಲೆಯಿಂದ ಇಳಿಬಿಡುವ ಪಾಂಚೊ ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಮೂಳೆ ಮುರಿಯುತ್ತದೆ. ಬಣ್ಣ ಕಪ್ಪು ಬೇಡ. ಫೋನು, ಪರ್ಸು ಇಡಲು ಒಂದು ಜಿಪ್ ಕವರ್.

ಇನ್ನು ಇವೆಲ್ಲವನ್ನೂ ನೋಡಿಕೊಳ್ಳುವ ಹೊತ್ತು. ಮೇ ಕೊನೆಯ ಭಾನುವಾರ ಸರಿಯಾದ ದಿನ, ಮಳೆ ಹಿಡಿಯಲು ಇನ್ನೂ ವಾರವಿರುತ್ತದೆ. ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿಗೆ ಗಾಳಿ ಹಿಡಿಸಿ, ಮನೆಯ ಅಂಗಳದಲ್ಲೇ ಒಮ್ಮೆ ಚಕ್ರ ಬಿಚ್ಚಿ ಹಾಕಿ. ಹೆಂಡತಿ, ಮಕ್ಕಳೂ ಒಂದೊಂದು ನಟ್ಟು ಬಿಚ್ಚಲಿ. ಲಾಕ್ ನಟ್ಟಿನ ಕೀಲಿ ಕೆಂಪು ದಾರ ಕಟ್ಟಿ ಜಾಕಿನ ಜೊತೆಗೇ ಇಡಿ. ಮಾತ್ರೆಗಳ ತಾರೀಖು ನೋಡಿ, ನೀರು ಬದಲಿಸಿ, ಚಿಕ್ಕಿ ಮಕ್ಕಳಿಗೆ ಕೊಟ್ಟು ಹೊಸದು ತಂದಿಡಿ.